ಫಾರ್ಮ್ಯಾಟ್ ಹೊಡೆಸಿದ ಮೇಲೂ ನಿಧಾನ ಏಕೆ?

ನಮ್ಮ ಕಣಕಟ್ಟೆ ಹೋಬಳಿಯಲ್ಲಿ ಕಂಪ್ಯೂಟರಿಗೆ ಯಾವ ಕಾಯಿಲೆ ಬಂದರೂ ಮದ್ದು ಒಂದೇ. ಫಾರ್ಮ್ಯಾಟ್ ಹೊಡೆಸುವುದು. ಹ್ಯಾಂಗ್ ಆಯಿತೇ, ಫಾರ್ಮ್ಯಾಟ್. ವೈರಸ್ ಬಂತೇ, ಫಾರ್ಮ್ಯಾಟ್. ಪ್ರಿಂಟರ್ ಕೆಲಸ ಮಾಡುತ್ತಿಲ್ಲವೇ, ಅದಕ್ಕೂ ಫಾರ್ಮ್ಯಾಟ್. ಹಳೆಯ ವಿಂಡೋಸ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರೆ ಯಂತ್ರ ಎಣ್ಣೆಸ್ನಾನ ಮಾಡಿದ ಹಾಗೆ ಹಗುರಾಗುತ್ತದೆ ಎಂಬ ನಂಬಿಕೆ. ಹಾಗೆ ಹಗುರಾಗುವುದೂ ಉಂಟು, ಇಲ್ಲ ಎನ್ನುವುದಿಲ್ಲ. ಇವತ್ತು ನಾನು ಮಾತಾಡಲು ಬಂದಿರುವುದು ಹಗುರಾಗದೆ ಇನ್ನಷ್ಟು ಭಾರವಾದ ಯಂತ್ರಗಳ ಬಗ್ಗೆ.

ನಾನು ಊರಿನಲ್ಲಿ ಒಂದು ಝೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಝೆರಾಕ್ಸ್ ಎನ್ನುವುದು ಬೋರ್ಡಿಗೆ ಮಾತ್ರ. ಪಹಣಿ ತೆಗೆಯುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ವಿದ್ಯಾರ್ಥಿವೇತನದ ಫಾರಂ ತುಂಬುವುದು, ಮಾಡಾಳು ಗೌರಮ್ಮನ ಜಾತ್ರೆ ಬಂದರೆ ಕರಪತ್ರ ಟೈಪ್ ಮಾಡುವುದು, ಎಲ್ಲ ಅಲ್ಲೇ. ಹಾಗಾಗಿ ಕಂಪ್ಯೂಟರ್ ನಿಧಾನವಾದರೆ ನನಗೆ ಕೇವಲ ಬೇಜಾರಲ್ಲ, ಬಾಗಿಲಲ್ಲಿ ನಿಂತವರ ಬೈಗುಳ.

2014ನೇ ಇಸವಿಯ ಮಾತು. ಆ ವರ್ಷ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಗೆ ಕಂಪನಿಯವರ ಬೆಂಬಲ ನಿಂತಿತು. ನನ್ನ ಅಂಗಡಿಯ ಹಳೇ ಯಂತ್ರಕ್ಕೂ ವಿಂಡೋಸ್ 7 ಹಾಕಿದೆ. ಹಾಕಿದ ದಿನ ಕುದುರೆ. ಮಾರನೇ ದಿನ ಎಮ್ಮೆ. ಒಂದು ಫೈಲು ತೆರೆಯಲು ಎರಡು ನಿಮಿಷ, ಸ್ಕ್ಯಾನ್ ಮಾಡಿದ ಕಾಗದ ಉಳಿಸಲು ಮೂರು ನಿಮಿಷ, ಅಷ್ಟು ಹೊತ್ತೂ ಮೌಸಿನ ಬಾಣವೇ ಜಗ್ಗಿ ಜಗ್ಗಿ ಓಡುತ್ತಿತ್ತು. ನಾನೇನು ಮಾಡಿದೆ? ಮತ್ತೆ ಫಾರ್ಮ್ಯಾಟ್ ಹೊಡೆದೆ. ಮತ್ತೆ ಒಂದು ದಿನ ಕುದುರೆ, ಮಾರನೇ ದಿನ ಎಮ್ಮೆ. ಮೂರನೇ ಸಲವೂ ಅದೇ ಕಥೆ. ಅಂಗಡಿಗೆ ಪೇಪರ್ ಓದಲು ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಕೇಳಿಯೇಬಿಟ್ಟರು: "ಅಲ್ಲ ಕಣಪ್ಪ, ಮೂರು ಸಲ ಬೆಳಗಿದ ಪಾತ್ರೇಲಿ ಕಲೆ ಉಳಿದಿದೆ ಅಂದ್ರೆ ತಪ್ಪು ಪಾತ್ರೇದೋ, ನಿನ್ನ ಕಣ್ಣಿಂದೋ?"

ಅವರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಾಲ್ಕು ದಿನ ಬಿಟ್ಟು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಹಾರ್ಡ್ ಡಿಸ್ಕ್ ಎಂದರೆ ಏನು ಎಂಬುದನ್ನು ನೋಡೋಣ.

ನಮ್ಮ ಊರಿನ ಹೆಸರಲ್ಲೇ ಕಣ ಇದೆ. ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ ಸುತ್ತು ಹೊಡೆಸುತ್ತಿದ್ದದ್ದು ದೊಡ್ಡವರಿಗೆ ನೆನಪಿರುತ್ತದೆ. ಈಗ ರಾಗಿ ತೆನೆಯನ್ನು ಟಾರು ರಸ್ತೆಗೆ ಹರವಿ ಬಿಡುತ್ತೇವೆ, ದಾರಿಹೋಕರ ಕಾರುಗಳು ಕೂಲಿಯಿಲ್ಲದೆ ತುಳಿದುಕೊಟ್ಟು ಹೋಗುತ್ತವೆ. ಆ ಮಾತು ಬೇರೆ. ಹಾರ್ಡ್ ಡಿಸ್ಕಿನ ಒಳಗೆ ಇರುವುದೂ ಒಂದು ಕಣವೇ. ಗುಂಡಗಿನ, ಕನ್ನಡಿಯಂತೆ ಹೊಳೆಯುವ ಬಿಲ್ಲೆ. ವ್ಯತ್ಯಾಸ ಇಷ್ಟೇ, ಇಲ್ಲಿ ಎತ್ತು ನಿಂತಲ್ಲೇ ನಿಲ್ಲುತ್ತದೆ, ಕಣವೇ ತಿರುಗುತ್ತದೆ. ಲ್ಯಾಪ್‌ಟಾಪಿನ ಸಾಮಾನ್ಯ ಡಿಸ್ಕ್ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು. ಮೇಜಿನ ಮೇಲಿಡುವ ಕಂಪ್ಯೂಟರಿನದು ಹೆಚ್ಚಾಗಿ 7200 ಸುತ್ತು. ಬಿಲ್ಲೆಯ ಮೇಲೆ ಒಂದು ಸಣ್ಣ ತೋಳು ಒಳಕ್ಕೂ ಹೊರಕ್ಕೂ ಆಡುತ್ತ ಅಕ್ಷರಗಳನ್ನು ಓದುತ್ತದೆ, ಬರೆಯುತ್ತದೆ.

ಮೇಟಿಯ ಪಕ್ಕದ ಎತ್ತಿಗೆ ನಡಿಗೆ ಕಡಿಮೆ, ಹೊರ ಅಂಚಿನ ಎತ್ತಿಗೆ ಜಾಸ್ತಿ. ಸುತ್ತು ಎರಡಕ್ಕೂ ಒಂದೇ, ತುಳಿದ ನೆಲ ಬೇರೆ ಬೇರೆ. ಡಿಸ್ಕಿನಲ್ಲೂ ಹಾಗೇ. ಹೊರ ಅಂಚಿನಲ್ಲಿ ಒಂದು ಸುತ್ತಿಗೆ ಸಿಗುವ ಮಾಹಿತಿ ಹೆಚ್ಚು, ಒಳಗೆ ಹೋದಂತೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಡಿಸ್ಕಿನ ಮೊದಲ ಭಾಗ, ಅಂದರೆ ಸಾಮಾನ್ಯವಾಗಿ ನಮ್ಮ ಸಿ ಡ್ರೈವ್, ಹೊರ ಅಂಚಿನಲ್ಲಿರುತ್ತದೆ. "ಸಿ ಡ್ರೈವಲ್ಲಿ ಫೋಟೋ ಇದೆ, ಮುಟ್ಟಬೇಡ" ಎಂದು ನಾವು ಹೇಳಿ, ಹುಡುಗ ಹೊಸ ವಿಂಡೋಸನ್ನು ಕಟ್ಟಕಡೆಯ ಭಾಗದಲ್ಲಿ ಹಾಕಿದರೆ, ಅದೇ ಡಿಸ್ಕ್, ಅದೇ ವಿಂಡೋಸ್, ಆದರೂ ಮುಂಚಿನ ವೇಗ ಇರುವುದಿಲ್ಲ. ಇದು ಯಾರ ತಪ್ಪೂ ಅಲ್ಲ. ಮೇಟಿಗೆ ಹತ್ತಿರ ಕಟ್ಟಿದ್ದೇವೆ, ಅಷ್ಟೇ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಒಂದೇ ಸಾಲಿನಲ್ಲಿ ಜೋಡಿಸಿಟ್ಟ ದೊಡ್ಡ ಫೈಲನ್ನು ಇಂಥ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿಯಂತೆ ಓದಬಲ್ಲದು. ಚೂರು ಚೂರಾಗಿ ಅಲ್ಲೊಂದು ಇಲ್ಲೊಂದು ಬಿದ್ದಿರುವುದನ್ನು ಹುಡುಕು ಎಂದರೆ? ಪ್ರತಿ ಚೂರಿಗೂ ತೋಳು ಸರಿಯಬೇಕು, ಬಿಲ್ಲೆ ತಿರುಗಿ ಆ ಜಾಗ ಕೆಳಗೆ ಬರುವವರೆಗೆ ಕಾಯಬೇಕು. ಒಂದು ಚೂರಿಗೆ ಸೆಕೆಂಡಿನ ಸಾವಿರ ಭಾಗದಲ್ಲಿ ಹದಿನೇಳು ಭಾಗ ಹಿಡಿಯಿತು ಎಂದುಕೊಳ್ಳಿ. ಸೆಕೆಂಡಿಗೆ 60 ಚೂರು ಸಿಕ್ಕರೆ ಹೆಚ್ಚು. ಚೂರೊಂದು 4 ಕೆಬಿ ಆದರೆ ಒಟ್ಟು 240 ಕೆಬಿ. ಎಲ್ಲಿ 100 ಎಂಬಿ, ಎಲ್ಲಿ 240 ಕೆಬಿ! ರಾಶಿ ಹಾಕಿದ ತೆಂಗಿನಕಾಯಿಯನ್ನು ಗಾಡಿಗೆ ತುಂಬುವುದಕ್ಕೂ, ಅರವತ್ತು ಮರ ಹತ್ತಿ ಮರಕ್ಕೊಂದರಂತೆ ಕಾಯಿ ಕಿತ್ತು ತರುವುದಕ್ಕೂ ಇರುವ ಅಂತರ ಇದು. ಆಳು ಸೋಮಾರಿಯಲ್ಲ, ಕೆಲಸ ಹಾಗಿದೆ.

ಹೊಸದಾಗಿ ವಿಂಡೋಸ್ ಹಾಕಿದ ಮೊದಲ ಎರಡು ಮೂರು ದಿನ ಡಿಸ್ಕಿಗೆ ಬರುವುದೆಲ್ಲ ಈ ಮರ ಹತ್ತುವ ಕೆಲಸವೇ. ಹಿನ್ನೆಲೆಯಲ್ಲಿ ಅಪ್‌ಡೇಟ್ ಇಳಿಯುತ್ತಿರುತ್ತದೆ. ಡಿಫೆಂಡರ್ ಎಂಬ ಕಾವಲುಗಾರ ಪ್ರತಿ ಫೈಲನ್ನೂ ತಡವಿ ನೋಡುತ್ತಿರುತ್ತಾನೆ. ಹುಡುಕಲು ಅನುಕೂಲವಾಗಲಿ ಎಂದು ಇನ್ನೊಬ್ಬ ಇದ್ದಬದ್ದ ಫೈಲುಗಳಿಗೆಲ್ಲ ಸೂಚಿ ಬರೆಯುತ್ತಿರುತ್ತಾನೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಎಂಬ ಕಡೆ ಕೆಂಪಗೆ 100 ಪರ್ಸೆಂಟ್ ಕಾಣುತ್ತದೆ. ಜನ ಗಾಬರಿಯಾಗಿ ಮತ್ತೆ ಅಂಗಡಿಗೆ ಹೊತ್ತು ತರುವುದು ಇದನ್ನು ನೋಡಿಯೇ. 100 ಪರ್ಸೆಂಟ್ ಎಂದರೆ ಡಿಸ್ಕ್ ಕೆಟ್ಟಿದೆ ಎಂದಲ್ಲ, ಅದಕ್ಕೆ ಬಿಡುವಿಲ್ಲ ಎಂದು. ಹೀಗಿದ್ದಾಗ ನಾನು ಹೇಳುವುದು ಒಂದೇ: ಚಾರ್ಜರ್ ಹಾಕಿ, ಇಂಟರ್‌ನೆಟ್ ಕೊಟ್ಟು, ಮಲಗದಂತೆ ಸೆಟ್ಟಿಂಗ್ ಮಾಡಿ ಒಂದು ರಾತ್ರಿ ಬಿಡಿ. ಹಳ್ಳಿಯಲ್ಲಿ ಕರೆಂಟಿನ ಭರವಸೆ ಇಲ್ಲ, ಮೇಜಿನ ಕಂಪ್ಯೂಟರ್ ಆದರೆ ಯುಪಿಎಸ್ ಇರಲೇಬೇಕು. ಅಪ್‌ಡೇಟ್ ನಡುವೆ ಕರೆಂಟು ಹೋದರೆ ನೀವು ಹೊಸದಾಗಿ ಹಾಕಿಸಿದ್ದೂ ಹಳತಾಗಿಬಿಡುತ್ತದೆ. ಎರಡು ದಿನ ಕಳೆದ ಮೇಲೂ, ಏನೂ ಕೆಲಸ ಕೊಡದಿದ್ದರೂ 100ರಲ್ಲೇ ನಿಂತಿದ್ದರೆ ಆಗ ವಿಚಾರಿಸಬೇಕಾದ್ದು ಬೇರೆ.

ಈ ಮಾತು ಈಗ ಹೇಳುತ್ತಿರುವುದಕ್ಕೆ ಕಾರಣ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅಂದಿನಿಂದ ಎಲ್ಲ ಕಡೆ ಮತ್ತೆ ಫಾರ್ಮ್ಯಾಟಿನ ಸುಗ್ಗಿ. ಹತ್ತು ವರ್ಷದ ಲ್ಯಾಪ್‌ಟಾಪಿಗೆ ಅಡ್ಡದಾರಿಯಲ್ಲಿ ವಿಂಡೋಸ್ 11 ತುರುಕಿ ಕೊಡುತ್ತಾರೆ. ಒಳಗೆ 4 ಜಿಬಿ ರ‍್ಯಾಮು, 5400 ಸುತ್ತಿನ ಡಿಸ್ಕು. ರ‍್ಯಾಮು ಸಾಲದಾದಾಗ ವಿಂಡೋಸ್ ಉಳಿದದ್ದನ್ನು ಡಿಸ್ಕಿಗೆ ಇಳಿಸುತ್ತದೆ, ಬೇಕಾದಾಗ ಮೇಲೆತ್ತುತ್ತದೆ. ಒಲೆಕಟ್ಟೆ ಚಿಕ್ಕದೆಂದು ಪಾತ್ರೆಗಳನ್ನು ಅಟ್ಟದ ಮೇಲಿಟ್ಟು, ಒಗ್ಗರಣೆಗೊಮ್ಮೆ ಏಣಿ ಹತ್ತಿದ ಹಾಗೆ. ಇಂಥ ಯಂತ್ರಕ್ಕೆ ಫಾರ್ಮ್ಯಾಟ್ ಮದ್ದಲ್ಲ.

ಈಗ ನನ್ನ ಎಮ್ಮೆಯ ಕಥೆಗೆ ಬರುತ್ತೇನೆ. ನಾಲ್ಕನೇ ಸಲ ಫಾರ್ಮ್ಯಾಟಿಗೆ ಕೈಹಾಕುವ ಮುಂಚೆ ಕಂಪ್ಯೂಟರ್ ಆನ್ ಮಾಡಿದಾಗ ತಾರೀಕು ನೋಡಿದೆ. ಹಲವು ವರ್ಷ ಹಿಂದಿನ ಜನವರಿ 1 ತೋರಿಸುತ್ತಿತ್ತು. ಮದರ್‌ಬೋರ್ಡಿನ ಮೇಲೆ ಎಂಟಾಣೆಯಷ್ಟು ಅಗಲದ ಒಂದು ಸೆಲ್ ಇರುತ್ತದೆ, ಸಿಆರ್ 2032 ಎಂದು ಬರೆದಿರುತ್ತದೆ. ಅದು ಸತ್ತಿತ್ತು. ಅದು ಸತ್ತರೆ ಗಡಿಯಾರವಷ್ಟೇ ಅಲ್ಲ, ಬಯೋಸ್‌ನಲ್ಲಿ ನಾವು ಮಾಡಿಟ್ಟ ಏರ್ಪಾಡೂ ಮರೆತುಹೋಗುತ್ತದೆ. ಡಿಸ್ಕ್ ಜೊತೆ ಮಾತಾಡುವ ಹೊಸ ಪದ್ಧತಿ ಎಎಚ್‌ಸಿಐ ಹೋಗಿ ಹಳೇ ಪದ್ಧತಿ ಐಡಿಇ ಬಂದು ಕೂತಿತ್ತು. ನಾನು ವಿಂಡೋಸ್ ಹಾಕಿದ್ದು ಆ ಹಳೇ ಪದ್ಧತಿಯ ಮೇಲೆ. ಇಷ್ಟಕ್ಕೇ ಯಂತ್ರ ಎಮ್ಮೆಯಾಗುವುದಿಲ್ಲ, ಸ್ವಲ್ಪ ಮಂದವಾಗಬಹುದು ಅಷ್ಟೇ. ನಿಜವಾದ ಕಳ್ಳ ಇನ್ನೂ ಒಳಗಿದ್ದ.

ಡಿವೈಸ್ ಮ್ಯಾನೇಜರ್‌ಗೆ ಹೋಗಿ ಡಿಸ್ಕಿನ ಚಾನೆಲ್ ತೆಗೆದು ನೋಡಿದರೆ ಅಲ್ಲಿ ಬರೆದಿತ್ತು: ಪಿಐಒ. ಇದೇನೆಂದು ಅರಸೀಕೆರೆ ಎಪಿಎಂಸಿಗೆ ಕೊಬ್ಬರಿ ಹಾಕುವವರಿಗೆ ಒಂದೇ ಮಾತಲ್ಲಿ ಹೇಳಬಹುದು. ಮಾಮೂಲಿ ದಿನ ಹಮಾಲಿಗಳು ಚೀಲ ಇಳಿಸುತ್ತಾರೆ, ಮಂಡಿಯವರು ಕೂತು ಲೆಕ್ಕ ಬರೆಯುತ್ತಾರೆ. ಇದು ಡಿಎಂಎ. ಡಿಸ್ಕ್ ತನ್ನ ಸರಕನ್ನು ನೇರವಾಗಿ ರ‍್ಯಾಮಿಗೆ ಇಳಿಸುತ್ತದೆ, ಪ್ರೊಸೆಸರ್ ತನ್ನ ಕೆಲಸ ನೋಡಿಕೊಳ್ಳುತ್ತದೆ. ಹಮಾಲಿಗಳು ಬರದ ದಿನ ಮಂಡಿಯವರೇ ಪೆನ್ನು ಕೆಳಗಿಟ್ಟು ಒಂದೊಂದೇ ಚೀಲ ಹೊರಬೇಕು. ಇದು ಪಿಐಒ. ಎಷ್ಟೇ ಓಡಿದರೂ ಆ ಪದ್ಧತಿಯಲ್ಲಿ ಸೆಕೆಂಡಿಗೆ 16 ಎಂಬಿ ಚಿಲ್ಲರೆ ದಾಟುವುದಿಲ್ಲ, ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ಮೌಸಿನ ಬಾಣ ಜಗ್ಗುತ್ತಿದ್ದದ್ದು ಅದಕ್ಕೇ. ಮಂಡಿಯವರು ಚೀಲ ಹೊರುತ್ತಿದ್ದರು!

ಹಮಾಲಿಗಳು ಬಾರದ್ದೇಕೆ? ಡಿಸ್ಕಿನಿಂದ ಬಂದ ಮಾಹಿತಿಯಲ್ಲಿ ತಪ್ಪು ಪದೇ ಪದೇ ಕಂಡರೆ ವಿಂಡೋಸ್ "ಈ ದಾರಿ ಸರಿಯಿಲ್ಲ, ನಿಧಾನ ಹೋಗೋಣ" ಎಂದು ಮೆಟ್ಟಿಲು ಮೆಟ್ಟಿಲಾಗಿ ವೇಗ ಇಳಿಸುತ್ತ ಬರುತ್ತದೆ. ಎಕ್ಸ್‌ಪಿ ಕಾಲದಲ್ಲಿ ಆರು ತಪ್ಪಿಗೆ ಒಂದು ಮೆಟ್ಟಿಲು ಎಂಬ ಲೆಕ್ಕವಿತ್ತು. ಇಳಿದದ್ದನ್ನು ತಾನಾಗಿ ಹತ್ತುವುದಿಲ್ಲ. ವಿಂಡೋಸ್ ಹೊಸದಾಗಿ ಹಾಕಿದಾಗ ಆ ಲೆಕ್ಕ ಅಳಿಸಿಹೋಗಿ ಮತ್ತೆ ಮೇಲಿನ ಮೆಟ್ಟಿಲಿನಿಂದ ಶುರು. ಒಂದು ದಿನದಲ್ಲಿ ತಪ್ಪುಗಳು ತುಂಬಿ ಮತ್ತೆ ಕೆಳಗೆ. ನನ್ನ ಯಂತ್ರ ಪ್ರತಿ ಫಾರ್ಮ್ಯಾಟಿಗೂ ಒಂದು ದಿನ ಮಾತ್ರ ಕುದುರೆಯಾಗುತ್ತಿದ್ದ ಗುಟ್ಟು ಇದು. ಫಾರ್ಮ್ಯಾಟ್ ಕೆಲಸ ಮಾಡಿದಂತೆ ಕಂಡಿದ್ದೇ ನನಗೆ ಮೂರು ಸಲ ಮೋಸ ಮಾಡಿದ್ದು.

ತಪ್ಪು ಎಲ್ಲಿಂದ ಬರುತ್ತಿತ್ತು? ಡಬ್ಬಿಯ ಮುಚ್ಚಳ ಬಿಚ್ಚಿದೆ. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಅಂಗೈ ಉದ್ದದ ಒಂದು ಕೆಂಪು ಕೇಬಲ್. ಧೂಳು ಹೊಡೆಯುವಾಗ ನಾನೇ ಎಳೆದಿದ್ದೆ. ತುದಿ ಅರ್ಧ ಹೊರಗೆ ಬಂದು, ಮಡಿಕೆ ಬಿದ್ದ ಜಾಗದಲ್ಲಿ ಬಿಳಿಚಿಕೊಂಡಿತ್ತು. ಅರಸೀಕೆರೆಯಿಂದ ಹೊಸ ಕೇಬಲ್ ತರಿಸಿದೆ, ಸೆಲ್ ಬದಲಿಸಿದೆ, ಡಿವೈಸ್ ಮ್ಯಾನೇಜರಿನಲ್ಲಿ ಆ ಚಾನೆಲ್ ಅಳಿಸಿ ಯಂತ್ರವನ್ನು ರೀಸ್ಟಾರ್ಟ್ ಮಾಡಿದೆ. ಚಾನೆಲ್ ತಾನಾಗಿ ಮತ್ತೆ ಮೂಡಿತು, ಈ ಸಲ ಡಿಎಂಎ ಎಂದು ತೋರಿಸಿತು. ಮೇಷ್ಟ್ರಿಗೆ ಹೇಳಿದಾಗ ಅವರು ಪೇಪರಿನಿಂದ ತಲೆ ಎತ್ತದೆ "ಹಾಗಾದ್ರೆ ಕಣ್ಣಿಂದೇ" ಎಂದರು.

ಇಲ್ಲೊಂದು ಎಚ್ಚರಿಕೆ. ಐಡಿಇ ಇರುವುದನ್ನು ಕಂಡು ತಕ್ಷಣ ಬಯೋಸಿಗೆ ಹೋಗಿ ಎಎಚ್‌ಸಿಐ ಎಂದು ತಿರುಗಿಸಿಬಿಡಬೇಡಿ. ಹಳೇ ಪದ್ಧತಿಯ ಮೇಲೆ ಕೂತ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡುವುದುಂಟು. ಹಾಗಾದರೆ ಹೆದರದೆ ಮೊದಲಿದ್ದಂತೆ ತಿರುಗಿಸಿ, ಗೊತ್ತಿದ್ದವರಿಂದ ಡ್ರೈವರ್ ಸರಿಪಡಿಸಿಕೊಂಡು ಆಮೇಲೆ ಬದಲಿಸಿ. ಅಲ್ಲೂ ಹೆದರಿ ಫಾರ್ಮ್ಯಾಟ್ ಹೊಡೆದವರನ್ನು ನಾನು ಕಂಡಿದ್ದೇನೆ.

ತಪ್ಪು ವಿಂಡೋಸಿನದೋ ಡಿಸ್ಕಿನದೋ ತಿಳಿಯಲು ನಾನು ಈಗ ಬಳಸುವ ಉಪಾಯ ಸುಲಭದ್ದು. ಪೆನ್‌ಡ್ರೈವಿಗೆ ಉಬುಂಟು ಹಾಕಿಟ್ಟುಕೊಂಡಿದ್ದೇನೆ. ಡಿಸ್ಕಿನಲ್ಲಿ ಏನೂ ಬರೆಯದೆ ಪೆನ್‌ಡ್ರೈವಿನಿಂದಲೇ ಯಂತ್ರ ಎಬ್ಬಿಸಿ, ಡಿಸ್ಕಿನಿಂದ ಒಂದು ದೊಡ್ಡ ಫೈಲ್ ಓದಿಸಿ ನೋಡುತ್ತೇನೆ. ಅಲ್ಲಿ ಚೆನ್ನಾಗಿ ಓಡಿದರೆ ದೋಷ ವಿಂಡೋಸಿನಲ್ಲಿ, ಡ್ರೈವರಿನಲ್ಲಿ. ಅಲ್ಲೂ ತೆವಳಿದರೆ ಕೇಬಲ್ಲೋ ಡಿಸ್ಕೋ, ಎರಡರಲ್ಲೊಂದು. ಆಮೇಲೆ ಡಿಸ್ಕಿನ ಜಾತಕ ತೆಗೆಯಬೇಕು. ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದುಕೊಳ್ಳುತ್ತದೆ, ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ಸಾಲು ಬಹಳ ಇರುತ್ತವೆ, ಮೂರು ಸಾಕು. ಸಿ7 ಎಂಬ ಸಾಲು ಏರುತ್ತಾ ಹೋದರೆ ಮೊದಲು ಕೇಬಲ್ ಬದಲಿಸಿ. 05 ಎಂಬುದು ಕೆಟ್ಟ ಜಾಗ ಬಿಟ್ಟು ಬೇರೆ ಕಡೆ ಬರೆದದ್ದರ ಲೆಕ್ಕ. ಸಿ5 ಎಂಬುದು ಓದಲಾಗದೆ ಬಾಕಿ ಉಳಿದ ಜಾಗಗಳ ಲೆಕ್ಕ. ಸಿ5 ಸೊನ್ನೆ ಬಿಟ್ಟು ಮೇಲಿದ್ದರೆ ನಾನು ಗಿರಾಕಿಗೆ ಬೇರೆ ಮಾತೇ ಆಡುವುದಿಲ್ಲ: ಮೊದಲು ಕಾಪಿ, ಆಮೇಲೆ ಮಿಕ್ಕಿದ್ದು. ಸಾಯುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸಿ ಇಡೀ ರಾತ್ರಿ ಉಜ್ಜುವುದು, ಎದೆನೋವು ಎಂದವನನ್ನು ಓಡಿಸಿ ಪರೀಕ್ಷೆ ಮಾಡಿದ ಹಾಗೆ.

ಕ್ವಿಕ್ ಫಾರ್ಮ್ಯಾಟ್ ಎಂದರೆ ಡಿಸ್ಕಿನ ಮೇಲ್ಮೈ ಪರೀಕ್ಷೆ ಆಯಿತು ಎಂದಲ್ಲ. ಅದು ಪುಸ್ತಕದ ವಿಷಯಸೂಚಿಯ ಪುಟ ಹರಿದು ಹೊಸದು ಅಂಟಿಸುತ್ತದೆ, ಒಳಗಿನ ಪುಟ ಗೆದ್ದಲು ತಿಂದಿದೆಯೇ ಎಂದು ನೋಡುವುದೇ ಇಲ್ಲ. ಅಂಗಡಿಗಳಲ್ಲಿ ಹೊಡೆಯುವುದು ಹೆಚ್ಚಾಗಿ ಇದನ್ನೇ.

ಇನ್ನೆರಡು ಕಾರಣ ಬೇಗ ಹೇಳಿ ಮುಗಿಸುತ್ತೇನೆ. ಒಂದು, ಹಳೇ ಎಕ್ಸ್‌ಪಿ ಸಿಡಿಯಿಂದ ಭಾಗ ಮಾಡಿದ ಡಿಸ್ಕ್. 2011ರ ಸುಮಾರಿಗೆ ಡಿಸ್ಕ್‌ಗಳ ಒಳಗಿನ ಪಾತಿ 512 ಬೈಟಿನಿಂದ 4096 ಬೈಟಿಗೆ ದೊಡ್ಡದಾಯಿತು. ಎಕ್ಸ್‌ಪಿ ಮಾತ್ರ ಹಳೇ ಅಳತೆಯಲ್ಲೇ 32,256ನೇ ಬೈಟಿನಿಂದ ಬೇಲಿ ಹಾಕುತ್ತದೆ. ಅದನ್ನು 4096ರಿಂದ ಭಾಗಿಸಿ ನೋಡಿ, ಶೇಷ ಉಳಿಯುತ್ತದೆ. ಅಂದರೆ ಬೇಲಿ ಪಾತಿಯ ನಡುವೆ ಬಿದ್ದಿದೆ, ಒಂದು ಪಾತಿಯಲ್ಲಿ ಮುಗಿಯುವ ಬರವಣಿಗೆಗೆ ಎರಡು ಪಾತಿ ಕೆದಕಬೇಕು. ವಿಸ್ಟಾದಿಂದ ಈಚೆಗೆ ಬೇಲಿ 10,48,576ನೇ ಬೈಟಿಗೆ ಬೀಳುತ್ತದೆ, ಅದಕ್ಕೆ ಶೇಷವಿಲ್ಲ. ಆದರೆ ಹಳೇ ಬೇಲಿ ಹಾಗೇ ಬಿಟ್ಟು ಅದರೊಳಗೆ ಹೊಸ ವಿಂಡೋಸ್ ಹಾಕಿದರೆ ದೋಷವೂ ಹಾಗೇ ಉಳಿಯುತ್ತದೆ.

ಎರಡು, ಈಚಿನ ಕೆಲವು ಡಿಸ್ಕ್‌ಗಳಲ್ಲಿ ಬರಹದ ಸಾಲುಗಳನ್ನು ನಾಡಹೆಂಚಿನ ಹಾಗೆ ಒಂದರ ಮೇಲೊಂದು ಅರ್ಧ ಹೊದಿಸಿರುತ್ತಾರೆ, ಜಾಗ ಉಳಿತಾಯಕ್ಕೆ. ಓದಲು ತೊಂದರೆಯಿಲ್ಲ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಮೇಲಿನದನ್ನೆಲ್ಲ ಎತ್ತಿ ಮತ್ತೆ ಹೊದಿಸಬೇಕು. ವಿಂಡೋಸ್ ಹಾಕಿ, ಬ್ಯಾಕಪ್ಪಿನ 200 ಜಿಬಿಯನ್ನು ಒಂದೇ ಉಸಿರಿಗೆ ಸುರಿದರೆ ಮೊದಲು ಚುರುಕಾಗಿದ್ದು ಆಮೇಲೆ ಸೆಕೆಂಡಿಗೆ ಹತ್ತು ಎಂಬಿಗೂ ಕೆಳಗೆ ಬೀಳಬಹುದು. ಕೆಟ್ಟಿಲ್ಲ. ಬಿಡುವು ಕೊಟ್ಟರೆ ತಾನೇ ಹೆಂಚು ಹೊದಿಸಿಕೊಳ್ಳುತ್ತದೆ.

ಇದಕ್ಕೆ ಸೇರದ ಒಂದು ದೂರು ಪ್ರತಿ ತಿಂಗಳೂ ಬರುತ್ತದೆ: ಫಾರ್ಮ್ಯಾಟ್ ಆದಮೇಲೆ ಕನ್ನಡ ಫೈಲೆಲ್ಲ ಗೀಚುಗೀಚಾಗಿ ಕಾಣುತ್ತಿವೆ, ಡಿಸ್ಕ್ ಹೋಗಿದೆ ಎಂದು. ಡಿಸ್ಕ್ ಹೋಗಿಲ್ಲ, ನುಡಿ ಫಾಂಟ್ ಹೋಗಿದೆ. ಹಳೇ ಪದ್ಧತಿಯಲ್ಲಿ ಟೈಪ್ ಮಾಡಿದ ಫೈಲಿಗೆ ಆ ಫಾಂಟು ಬೇಕು. ಹಾಕಿದರೆ ಅಕ್ಷರ ಮತ್ತೆ ಮೂಡುತ್ತದೆ. ಯಾರೋ ಒಬ್ಬರು ತಾಯಿ ಬರೆಸಿಟ್ಟ ಸೋಬಾನೆ ಪದಗಳ ಫೈಲನ್ನು ಹೀಗೆ ಕೆಟ್ಟಿತೆಂದು ಅಳಿಸಿಯೇಬಿಟ್ಟಿದ್ದರು. ಅದು ಮಾತ್ರ ಮತ್ತೆ ಸಿಗಲಿಲ್ಲ.

ಹಾರ್ಡ್ ಡಿಸ್ಕನ್ನು ಬೈಯುವವರಿಗೆ ಒಂದು ಲೆಕ್ಕ ಹೇಳುತ್ತೇನೆ. 1956ರಲ್ಲಿ ಐಬಿಎಂ ಕಂಪನಿ ತಂದ ಮೊದಲ ಡಿಸ್ಕ್ ಯಂತ್ರದಲ್ಲಿ ಎರಡಡಿ ಅಗಲದ 50 ಬಿಲ್ಲೆಗಳಿದ್ದವು. ಅಷ್ಟೂ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ನಿಮ್ಮ ಮೊಬೈಲಿನ ಒಂದೇ ಫೋಟೋ ಅದನ್ನು ತುಂಬಿಬಿಡುತ್ತದೆ. ಅಲ್ಲಿಂದ ಇಲ್ಲಿಯವರೆಗೆ ಈ ತಿರುಗುವ ಕಣ ಚೆನ್ನಾಗಿಯೇ ದುಡಿದಿದೆ. ಆದರೆ ವಿಂಡೋಸ್ 10, 11ನ್ನು ಅದರ ಮೇಲೆ ಓಡಿಸುವ ಕಾಲ ಮುಗಿಯಿತು ಎಂಬುದು ನನ್ನ ತೀರ್ಮಾನ. ಫಾರ್ಮ್ಯಾಟಿಗೆ ನಾಲ್ಕು ಸಲ ಕೊಡುವ ಕೂಲಿಯನ್ನು ಕೂಡಿಟ್ಟು ಒಂದು ಎಸ್‌ಎಸ್‌ಡಿ ಹಾಕಿಸಿಕೊಳ್ಳಿ. ಅದರಲ್ಲಿ ತಿರುಗುವ ಬಿಲ್ಲೆಯೂ ಇಲ್ಲ, ಸರಿಯುವ ತೋಳೂ ಇಲ್ಲ. ಹಳೇ ಡಿಸ್ಕ್ ಆರೋಗ್ಯವಾಗಿದ್ದರೆ ಫೋಟೋ, ವಿಡಿಯೋ ಇಡಲು ಇರಲಿ. ನನ್ನ 2014ರ ಎಮ್ಮೆಯೂ ಆಮೇಲೆ ಆರು ವರ್ಷ ಅಂಗಡಿಯ ಸ್ಕ್ಯಾನ್ ಪ್ರತಿಗಳನ್ನು ಹೊತ್ತುಕೊಂಡಿತ್ತು.

ಯಂತ್ರವನ್ನು ಯಾರ ಕೈಗಾದರೂ ಕೊಡುವ ಮುಂಚೆ ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ಮಕ್ಕಳ ಅಂಕಪಟ್ಟಿ, ಜಮೀನಿನ ಕಾಗದದ ಸ್ಕ್ಯಾನು, ಮದುವೆಯ ಫೋಟೋ, ಇಷ್ಟನ್ನು ಬೇರೊಂದು ಡಿಸ್ಕಿಗೋ ಪೆನ್‌ಡ್ರೈವಿಗೋ ಕಾಪಿ ಮಾಡಿ, ತೆರೆದು ನೋಡಿ, ತೆಗೆದು ಬೀರುವಿನಲ್ಲಿಡಿ. ಆಮೇಲೆ ಆ ಕೆಂಪು ಕೇಬಲನ್ನು ಒತ್ತಿ ನೋಡಿ.